ಫಲವತ್ತತೆಯ ಸಂಶೋಧನೆ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂತಾನೋತ್ಪತ್ತಿ ಆರೋಗ್ಯದ ಸಂಶೋಧಕಿ. ಉಪನ್ಯಾಸ ಮುಗಿದಾಗ ಸಭೆಯಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆಗಳು ಕೆಲವು. ಎಲ್ಲರೂ ಹೊರಟ ಮೇಲೆ ಬಾಗಿಲ ಬಳಿ ಕಾದಿದ್ದು, ತಗ್ಗಿದ ದನಿಯಲ್ಲಿ ಕೇಳುವವು ಹಲವು. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಅವರೆದುರು ಕುಳಿತಾಗ ಏನನ್ನು ಕೇಳಬೇಕು ಎಂಬುದಕ್ಕೆ ಇದರಿಂದ ಸಹಾಯವಾದರೆ ಸಾಕು.

ನೀವು ವೈದ್ಯರೋ, ವಿಜ್ಞಾನಿಯೋ?

ಓದಿದ್ದು ವೈದ್ಯಕೀಯ, ಮಾಡುತ್ತಿರುವುದು ಸಂಶೋಧನೆ. ವೈದ್ಯರ ಮುಂದೆ ಒಂದು ಜೋಡಿ ಕುಳಿತಿರುತ್ತದೆ. ಅವರಿಗೆ ಇವತ್ತೇ ಏನಾದರೂ ಹೇಳಬೇಕು. ನನ್ನ ಮುಂದೆ ಇರುವುದು ಪ್ರಶ್ನೆ. ಆ ವೈದ್ಯರು ಬರೆದುಕೊಟ್ಟ ಮಾತ್ರೆ ಅಥವಾ ಚುಚ್ಚುಮದ್ದು ಹೇಳಿದ ಕೆಲಸವನ್ನು ಮಾಡುತ್ತದೆಯೇ? ಅದನ್ನು ಕೊಡದಿದ್ದರೂ ಆ ಜೋಡಿಗೆ ಮಗು ಆಗುತ್ತಿತ್ತೇ? ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಹುಡುಕುವುದರಲ್ಲೇ ನನ್ನ ವರ್ಷಗಳು ಕಳೆದಿವೆ.

ಪ್ರಯೋಗಾಲಯದಲ್ಲಿ ನಿಜವಾಗಿ ಏನು ಕಾಣುತ್ತದೆ?

ಅಂಡಾಣುವಿನ ಅಡ್ಡಳತೆ ಸುಮಾರು 0.1 ಮಿಲಿಮೀಟರ್. ಮನುಷ್ಯನ ದೇಹದ ಜೀವಕೋಶಗಳಲ್ಲಿ ಅದು ಬಲು ದೊಡ್ಡದು, ಆದರೂ ಬರಿಗಣ್ಣಿಗೆ ಕಂಡರೆ ಒಂದು ಚುಕ್ಕೆಯಷ್ಟೇ. ಅಂಡಾಶಯದಿಂದ ಹೊರತೆಗೆದಾಗ ಅದರ ಸುತ್ತ ಲೋಳೆಯಲ್ಲಿ ಅಂಟಿಕೊಂಡ ಸಣ್ಣ ಕೋಶಗಳ ಮೋಡವೊಂದು ಇರುತ್ತದೆ. ಅಂಡಾಣುವಿಗೆ ಚಳಿ ಆಗದು. ತಣ್ಣಗಾದರೆ ಒಳಗೆ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳನ್ನು ಹಿಡಿದು ನಿಲ್ಲಿಸಿರುವ ನವಿರಾದ ಎಳೆಗಳು ಕಳಚಿಕೊಳ್ಳುತ್ತವೆ. ಅದಕ್ಕಾಗಿಯೇ ಸೂಕ್ಷ್ಮದರ್ಶಕದ ಪೀಠವನ್ನೂ 37 ಡಿಗ್ರಿಗೆ ಬಿಸಿ ಮಾಡಿಟ್ಟಿರುತ್ತೇವೆ. ಅಂಡಾಣುವನ್ನು ಪೋಷಕ ದ್ರವದ ಒಂದು ಹನಿಯಲ್ಲಿ ಇಟ್ಟು, ಹನಿ ಆರದಂತೆ ಮೇಲೆ ಎಣ್ಣೆ ಹರಡುತ್ತೇವೆ. ಇನ್‌ಕ್ಯುಬೇಟರಿನೊಳಗೆ ಆಮ್ಲಜನಕವನ್ನು ಶೇಕಡಾ 5ರ ಸುಮಾರಿಗೆ ಇಳಿಸುತ್ತೇವೆ, ಏಕೆಂದರೆ ಗರ್ಭನಾಳದೊಳಗೆ ಹೊರಗಿನ ಗಾಳಿಯಷ್ಟು ಆಮ್ಲಜನಕ ಇರುವುದಿಲ್ಲ.

ವೀರ್ಯಾಣುವಿನ ಜೊತೆ ಸೇರಿಸಿ 16ರಿಂದ 18 ಗಂಟೆ ಕಳೆದ ಮೇಲೆ, ಮರುದಿನ ಬೆಳಿಗ್ಗೆ, ತಟ್ಟೆಯನ್ನು ಹೊರತೆಗೆದು ನೋಡುತ್ತೇವೆ. ಫಲಿತಗೊಂಡಿದ್ದರೆ ಅಂಡಾಣುವಿನ ನಡುವೆ ಎರಡು ಪುಟ್ಟ ವೃತ್ತಗಳು ಮೈಗೆ ಮೈ ತಾಗಿಸಿಕೊಂಡು ಕುಳಿತಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಕೆಲವು ಗಂಟೆಗಳಲ್ಲಿ ಅವು ಕರಗಿ ಕಾಣೆಯಾಗುತ್ತವೆ, ಆದ್ದರಿಂದ ಹೊತ್ತು ಮೀರಿ ಬಂದವರಿಗೆ ಕಾಣಸಿಗುವುದಿಲ್ಲ. ಮೂರು ವೃತ್ತಗಳಿದ್ದರೆ ವರ್ಣತಂತುಗಳ ಲೆಕ್ಕ ತಪ್ಪಿದೆ ಎಂದರ್ಥ; ಅದನ್ನು ಬದಿಗಿಡಬೇಕು. ಎಲ್ಲ ಸರಿ ಹೋದರೆ ಮೂರನೆಯ ದಿನಕ್ಕೆ ಎಂಟು ಕೋಶಗಳು, ಐದನೆಯ ದಿನಕ್ಕೆ ಒಳಗೆ ಟೊಳ್ಳಿರುವ ಒಂದು ಚೆಂಡು. ಎಷ್ಟು ಬೆಳಗುಗಳು ಕಳೆದರೂ ಆ ಎರಡು ವೃತ್ತಗಳನ್ನು ಕಂಡಾಗ ನನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಂನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಮೊದಲ ಪ್ರನಾಳ ಶಿಶು. ಅದನ್ನು ಸಾಧ್ಯವಾಗಿಸಿದ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಅವರ ಹೆಸರು ಎಲ್ಲರಿಗೂ ಗೊತ್ತು. ಆ ಭ್ರೂಣದ ಕೋಶಗಳು ವಿಭಜಿಸುತ್ತಿರುವುದನ್ನು ಮೊದಲು ಕಂಡವರು ಜೀನ್ ಪರ್ಡಿ. ದಾದಿಯಾಗಿ ತರಬೇತಿ ಪಡೆದು, ಪ್ರಯೋಗಾಲಯದ ಕೆಲಸವನ್ನು ಕೈಯಾರೆ ಕಲಿತ ಹೆಣ್ಣುಮಗಳು. 1985ರಲ್ಲಿ, ಇನ್ನೂ 39ರ ವಯಸ್ಸಿನಲ್ಲಿ ತೀರಿಕೊಂಡರು. ಎಡ್ವರ್ಡ್ಸ್‌ಗೆ ನೊಬೆಲ್ ಬಂದದ್ದು 2010ರಲ್ಲಿ. ಪರ್ಡಿಯವರ ಹೆಸರನ್ನು ಎಲ್ಲ ಉಪನ್ಯಾಸಗಳಲ್ಲೂ ತಪ್ಪದೆ ಹೇಳುತ್ತೇನೆ.

ಎಷ್ಟು ದಿನ ಕಾದು ವೈದ್ಯರ ಬಳಿ ಹೋಗಬೇಕು?

ಗರ್ಭನಿರೋಧಕವಿಲ್ಲದೆ 12 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹೋಗಿ. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ, ಹಿಂದೆ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ, ಗಂಡಿಗೆ ವೃಷಣದ ತೊಂದರೆ ಇದ್ದರೆ ಕಾಯುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬದುಕಿನ ಯಾವುದಾದರೂ ಹಂತದಲ್ಲಿ ಈ ಕಷ್ಟವನ್ನು ಎದುರಿಸುತ್ತಾರೆ. ನೀವು ಒಬ್ಬರೇ ಅಲ್ಲ.

ದೋಷ ಯಾರದು?

ಈ ಪ್ರಶ್ನೆಯನ್ನು ಹೀಗೆ ಕೇಳಬಾರದು. ಆದರೂ ಕೇಳುತ್ತಾರೆ, ಅದರಲ್ಲೂ ಅತ್ತೆ, ನಾದಿನಿಯರ ಮುಖ ನೋಡಿ ನೋಡಿ ದಣಿದವರು ಕೇಳುತ್ತಾರೆ. ನಮ್ಮ ನುಡಿಯಲ್ಲಿ ‘ಬಂಜೆ’ ಎಂಬ ಪದವಿದೆ. ಅದಕ್ಕೆ ಜೋಡಿಯಾಗಿ ನಿಲ್ಲುವ, ಗಂಡಸನ್ನು ಕುರಿತ ಪದ ಆಡುಮಾತಿನಲ್ಲಿ ಇಲ್ಲ. ಆ ಒಂದು ಕೊರತೆಯೇ ಎಷ್ಟೋ ಹೆಣ್ಣುಮಕ್ಕಳನ್ನು ಬೇಡದ ಪರೀಕ್ಷೆಗಳ ಮೆಟ್ಟಿಲು ಹತ್ತಿಸಿದೆ ಎಂದು ನಾನು ನಂಬುತ್ತೇನೆ. ಮಗು ಆಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ, ಕೆಲವೊಮ್ಮೆ ಅದೊಂದೇ ಇರುತ್ತದೆ.

ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ಹೆಣ್ಣಿಗೆ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಶಸ್ತ್ರಕ್ರಿಯೆ) ಮಾಡಿಸಿ, ಆಮೇಲೆ ಗಂಡಿನ ಪರೀಕ್ಷೆಗೆ ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ಆಗಬೇಕಾದದ್ದು ಸುಲಭದ ಪರೀಕ್ಷೆ.

ವರದಿ ಕೈಗೆ ಬಂದಾಗ ಅಂಕಿಗಳನ್ನು ಕಂಡು ಕುಸಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಶೇಕಡಾ 42 ಚಲನೆ, ಶೇಕಡಾ 4 ಸಹಜ ಆಕಾರ ಎಂಬ ಕೆಳಗಿನ ಮಿತಿಗಳಿವೆ. ಇವು ಪರೀಕ್ಷೆಯ ಪಾಸು, ನಪಾಸಿನ ಗೆರೆಗಳಲ್ಲ. ಒಂದು ವರ್ಷದೊಳಗೆ ತಂದೆಯಾಗುವ ಹಾದಿ ಹಿಡಿದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ, ಕೊನೆಯ ಶೇಕಡಾ 5 ಜನ ಈ ಅಂಕಿಗಿಂತ ಕೆಳಗಿರುತ್ತಾರೆ, ಅಷ್ಟೇ. ಅಂದರೆ ಅವರ ಹೆಂಡತಿಯರೂ ಬಸಿರಾದವರೇ. ‘ಶೇಕಡಾ 4 ಮಾತ್ರ ಸಹಜವೇ?’ ಎಂದು ಗಾಬರಿಯಾಗುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮೈಕಟ್ಟಿಗೆಂದೋ ಸುಸ್ತು ಹೋಗಲೆಂದೋ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಗಂಡಸರಿಗೆ ಅದು ವೀರ್ಯಾಣುಗಳ ಉತ್ಪಾದನೆಯನ್ನೇ ನಿಲ್ಲಿಸಬಹುದು ಎಂಬುದು ತಿಳಿದಿರುವುದಿಲ್ಲ. ಹೊರಗಿನಿಂದ ಹಾರ್ಮೋನು ಬಂದರೆ, ಸಾಕಷ್ಟು ಇದೆ ಎಂದುಕೊಂಡು ಮೆದುಳು ವೃಷಣಕ್ಕೆ ಕೊಡುವ ಸೂಚನೆಯನ್ನು ಕಡಿತಗೊಳಿಸುತ್ತದೆ. ಬಹಳ ಮಂದಿಯಲ್ಲಿ ಚುಚ್ಚುಮದ್ದು ಬಿಟ್ಟ ಮೇಲೆ ತಿಂಗಳುಗಳಲ್ಲಿ ಸರಿಯಾಗುತ್ತದೆ. ಹಾಗೆಂದು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು; ಇವತ್ತು ಸಿಗರೇಟು ಬಿಟ್ಟರೆ ಅದರ ಫಲವನ್ನು ಮೂರು ತಿಂಗಳಾದ ಮೇಲಿನ ವರದಿಯಲ್ಲಿ ಹುಡುಕಬೇಕು.

ನನ್ನ ಎಎಂಎಚ್ ಕಡಿಮೆ ಇದೆ. ನನಗೆ ಇನ್ನು ಮಗು ಆಗುವುದಿಲ್ಲವೇ?

ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಎಎಂಎಚ್ ರಕ್ತದಲ್ಲಿ ಅಳೆಯುವ ಒಂದು ಹಾರ್ಮೋನು; ಅಂಡಾಶಯದಲ್ಲಿ ಎಷ್ಟು ಅಂಡಾಣುಗಳು ಉಳಿದಿವೆ ಎಂಬುದರ ಅಂದಾಜು ಕೊಡುತ್ತದೆ. ಅಂಡಾಣು ಬೆಳೆಸುವ ಚುಚ್ಚುಮದ್ದು ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದೆಂದು ಲೆಕ್ಕ ಹಾಕಲು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ವೈದ್ಯರಿಗೆ ಅದು ಉಪಯುಕ್ತ. ಆದರೆ ಅಂಡಾಣುವಿನ ಗುಣಮಟ್ಟವನ್ನು ಅದು ಹೇಳುವುದಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದೆ ಬಂಜೆತನದ ತೊಂದರೆ ಇಲ್ಲದಿದ್ದ 30ರಿಂದ 44ರ ವಯಸ್ಸಿನ ಹೆಂಗಸರು ಸಹಜವಾಗಿ ಗರ್ಭಕ್ಕೆ ಪ್ರಯತ್ನಿಸುತ್ತಿದ್ದರು. ಎಎಂಎಚ್ ಕಡಿಮೆ ಇದ್ದವರಿಗೂ ಉಳಿದವರಷ್ಟೇ ಗರ್ಭ ನಿಂತಿತು. ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು ತಾನೇ.

ವಯಸ್ಸಿನ ಮಾತು ಬೇರೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ. ಇವುಗಳಲ್ಲಿ ಬದುಕಿನುದ್ದಕ್ಕೂ ಪಕ್ವವಾಗಿ ಹೊರಬರುವವು 400ರಿಂದ 500. ಉಳಿದವು ಸದ್ದಿಲ್ಲದೆ ಕರಗುತ್ತವೆ. ವರ್ಷ ಕಳೆದಂತೆ ಉಳಿದ ಅಂಡಾಣುಗಳಲ್ಲಿ ವರ್ಣತಂತುಗಳು ತಪ್ಪಾಗಿ ಹಂಚಿಹೋಗುವ ಸಂಭವ ಏರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ಮಾತ್ರೆ, ಪುಡಿ, ಲೇಹ್ಯ ಯಾವುದೂ ಇವತ್ತಿಗೆ ಸಾಬೀತಾಗಿಲ್ಲ.

ಒಂದು ಚಿಕಿತ್ಸೆ ಕೆಲಸ ಮಾಡುತ್ತದೆ ಎಂದು ನಿಮಗೆ ಹೇಗೆ ತಿಳಿಯುತ್ತದೆ?

ಇದನ್ನು ಕೇಳಿದವರಿಗೆ ನಾನು ಮೊದಲು ಡಿಇಎಸ್ ಎಂಬ ಔಷಧದ ಕಥೆ ಹೇಳುತ್ತೇನೆ. 1940ರ ದಶಕದಲ್ಲಿ ಗರ್ಭಪಾತ ತಡೆಯಲೆಂದು ಬಸುರಿಯರಿಗೆ ಈ ಕೃತಕ ಈಸ್ಟ್ರೋಜನ್ ಕೊಡತೊಡಗಿದರು. ತೆಗೆದುಕೊಂಡವರಿಗೆ ಮಕ್ಕಳಾದವು, ವೈದ್ಯರು ನಂಬಿದರು. 1953ರಲ್ಲಿ ಷಿಕಾಗೋದಲ್ಲಿ, ಆ ಔಷಧ ಕೊಡದ ಹೋಲಿಕೆಯ ಗುಂಪನ್ನಿಟ್ಟುಕೊಂಡು ನೋಡಿದಾಗ ಅದರಿಂದ ಏನೂ ಲಾಭವಿಲ್ಲವೆಂದು ಗೊತ್ತಾಯಿತು. ಆದರೂ ಬರೆದುಕೊಡುವುದು ನಿಲ್ಲಲಿಲ್ಲ. 1971ರಲ್ಲಿ, ಆ ತಾಯಂದಿರ ಹರೆಯದ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. 1953ರ ಆ ವರದಿಗೆ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು ಎಂದು ಯೋಚಿಸದೆ ಈ ಕಥೆಯನ್ನು ಮುಗಿಸಲು ನನ್ನಿಂದ ಆಗಿಲ್ಲ.

ತೊಂದರೆ ಎಲ್ಲಿದೆಯೆಂದರೆ, ನಮ್ಮ ಕ್ಷೇತ್ರದಲ್ಲಿ ಚಿಕಿತ್ಸೆಯಿಲ್ಲದೆಯೂ ಒಂದಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ. ಆ ತಿಂಗಳು ಯಾವ ಮದ್ದು ಕೊಟ್ಟಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಹಾಗಾಗಿ ಚೀಟಿ ಎತ್ತಿದಂತೆ, ಯಾರ ಮರ್ಜಿಗೂ ಬಿಡದೆ ಜನರನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಇಲ್ಲ. ಉಳಿದದ್ದೆಲ್ಲ ಒಂದೇ. ಕೊನೆಯಲ್ಲಿ ನೋಡಬೇಕಾದದ್ದು ಎರಡೇ ಎರಡು: ಎಷ್ಟು ಜೀವಂತ ಮಕ್ಕಳು ಹುಟ್ಟಿದವು, ತಾಯಂದಿರು ಕ್ಷೇಮವೇ? ಹಾರ್ಮೋನು ಏರಿತು, ಗರ್ಭಕೋಶದ ಪದರ ದಪ್ಪವಾಯಿತು ಎಂಬುದನ್ನೆಲ್ಲ ಯಾರೂ ತೊಟ್ಟಿಲಲ್ಲಿ ಮಲಗಿಸುವುದಿಲ್ಲ.

ಗರ್ಭಕೋಶದ ಒಳಪದರವನ್ನು ತೆಳು ನಳಿಕೆಯಿಂದ ಗೀರಿದರೆ ಭ್ರೂಣ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂಬ ಚಿಕಿತ್ಸೆಯನ್ನೇ ನೋಡಿ. 2003ರ ಚಿಕ್ಕ ಅಧ್ಯಯನವೊಂದು ಯಶಸ್ಸು ಸುಮಾರು ದುಪ್ಪಟ್ಟಾಗುತ್ತದೆ ಎಂದಿತು. ಜಗತ್ತಿನ ಎಷ್ಟೋ ಕಡೆ ಹೆಂಗಸರು ನೋವು ನುಂಗಿಕೊಂಡು, ಹಣ ತೆತ್ತು ಅದನ್ನು ಮಾಡಿಸಿಕೊಂಡರು. 2019ರಲ್ಲಿ ಐದು ದೇಶಗಳ 1364 ಹೆಂಗಸರ ಪ್ರಯೋಗದ ಫಲಿತಾಂಶ ಬಂತು: ಗೀರಿದವರಲ್ಲಿ ಶೇಕಡಾ 26.1 ಮಂದಿಗೆ ಮಗು, ಗೀರದವರಲ್ಲೂ ಶೇಕಡಾ 26.1 ಮಂದಿಗೆ ಮಗು. ಆಮೇಲೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಸಣ್ಣ ಲಾಭ ಇದ್ದರೂ ಇರಬಹುದು ಎಂದಿದ್ದಾರೆ. ದುಪ್ಪಟ್ಟು ಎಂಬ ಮಾತಂತೂ ಉಳಿಯಲಿಲ್ಲ. ಗಂಡಸರಿಗೆ ಕೊಡುವ ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಗಳದ್ದೂ ಅದೇ ಹಾದಿ. 2020ರಲ್ಲಿ ಪ್ರಕಟವಾದ, 2370 ಜೋಡಿಗಳ ಪ್ರಯೋಗದಲ್ಲಿ ಮಾತ್ರೆ ನುಂಗಿದವರ ಗುಂಪಿನಲ್ಲಿ ಶೇಕಡಾ 34, ನುಂಗದವರಲ್ಲಿ ಶೇಕಡಾ 35 ಹೆರಿಗೆಗಳಾದವು. ಹೆಣ್ಣಿಗೆ ಫೋಲಿಕ್ ಆಮ್ಲ ಬೇಕೇ ಬೇಕು, ಅದನ್ನು ಇದರೊಂದಿಗೆ ಬೆರೆಸಬೇಡಿ. ಗರ್ಭ ನಿಲ್ಲುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದು.

ಎಲ್ಲವೂ ‘ಇಲ್ಲ, ಇಲ್ಲ’ ಎಂದೇ ಆಯಿತಲ್ಲ. ‘ಹೌದು’ ಎಂದದ್ದು ಏನೂ ಇಲ್ಲವೇ?

ಖಂಡಿತ ಇದೆ. ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಹೊರಬರದ ತೊಂದರೆ) ಇರುವ ಹೆಂಗಸರಿಗೆ ದಶಕಗಳ ಕಾಲ ಮೊದಲು ಕೊಡುತ್ತಿದ್ದ ಮಾತ್ರೆ ಕ್ಲೋಮಿಫೀನ್. ಸ್ತನ ಕ್ಯಾನ್ಸರಿಗೆಂದು ಬಂದಿದ್ದ ಲೆಟ್ರೊಜೋಲ್ ಅದಕ್ಕಿಂತ ಮೇಲೇ ಎಂಬ ಪ್ರಶ್ನೆಗೆ 2014ರಲ್ಲಿ 750 ಹೆಂಗಸರ ಪ್ರಯೋಗ ಉತ್ತರ ಕೊಟ್ಟಿತು. ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇಕಡಾ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್‌ನಲ್ಲಿ ಶೇಕಡಾ 19.1. ಹಳೆಯ ಮಾತ್ರೆ, ಹೊಸ ಬಳಕೆ. ಇಂಥ ಒಂದು ‘ಹೌದು’ ಸಿಗಲು ಹತ್ತಾರು ‘ಇಲ್ಲ’ಗಳನ್ನು ದಾಟಬೇಕು.

ಐವಿಎಫ್ ಆಸ್ಪತ್ರೆಯ ಜಾಹೀರಾತಿನಲ್ಲಿ ಯಶಸ್ಸಿನ ಪ್ರಮಾಣ ಶೇಕಡಾ 50 ಎಂದು ಬರೆದಿದ್ದರೆ ಏನೆಂದು ಅರ್ಥ ಮಾಡಿಕೊಳ್ಳಬೇಕು?

ಯಾವುದರ ಶೇಕಡಾ 50 ಎಂದು ಕೇಳಿ. ಲೆಕ್ಕಕ್ಕೊಂದು ಉದಾಹರಣೆ ಹಾಕಿಕೊಳ್ಳೋಣ. 100 ಮಂದಿ ಚುಚ್ಚುಮದ್ದು ಶುರು ಮಾಡಿದರು. 80 ಮಂದಿಯ ಗರ್ಭಕೋಶಕ್ಕೆ ಭ್ರೂಣ ವರ್ಗಾವಣೆ ಆಯಿತು. 40 ಮಂದಿಯ ರಕ್ತಪರೀಕ್ಷೆ ಪಾಸಿಟಿವ್ ಬಂತು. ಕೊನೆಗೆ ಮಗುವನ್ನು ಎತ್ತಿಕೊಂಡವರು 26. ಒಬ್ಬರು 80ರಲ್ಲಿ 40 ಎಂದು ಶೇಕಡಾ 50 ಎನ್ನಬಹುದು, ಇನ್ನೊಬ್ಬರು 100ರಲ್ಲಿ 26 ಎನ್ನಬಹುದು. ಇಬ್ಬರೂ ಸುಳ್ಳು ಹೇಳಿಲ್ಲ. ನಿಮಗೆ ಬೇಕಾದದ್ದು ಎರಡನೆಯವರ ಲೆಕ್ಕ, ಅದೂ ನಿಮ್ಮ ವಯಸ್ಸಿನವರದ್ದು.

ಐವಿಎಫ್ ಮಕ್ಕಳು ಆರೋಗ್ಯವಾಗಿರುತ್ತಾರೆಯೇ?

ಬಹುಪಾಲು ಮಕ್ಕಳು ಆರೋಗ್ಯವಂತರು. ಇಲ್ಲಿಯವರೆಗೆ ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳು ಈ ದಾರಿಯಲ್ಲಿ ಹುಟ್ಟಿದ್ದಾರೆ, ಲೂಯಿಸ್ ಬ್ರೌನ್ ಕೂಡ ಸಹಜವಾಗಿಯೇ ಗರ್ಭಿಣಿಯಾಗಿ ತಾಯಿಯಾಗಿದ್ದಾರೆ. ದಿನ ತುಂಬುವ ಮೊದಲೇ ಹೆರಿಗೆ ಆಗುವುದು ಮುಂತಾದ ತೊಂದರೆಗಳು ಸ್ವಲ್ಪ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಅವಳಿ, ತ್ರಿವಳಿಗಳದ್ದು. ಆದ್ದರಿಂದಲೇ ಒಂದು ಸಲಕ್ಕೆ ಒಂದೇ ಭ್ರೂಣ ಇಡಿ ಎಂದು ನಾವು ಹೇಳುವುದು. ‘ಒಂದೇ ಖರ್ಚಿನಲ್ಲಿ ಎರಡು ಮಕ್ಕಳಾದರೆ ಒಳ್ಳೆಯದಲ್ಲವೇ’ ಎನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಅವಳಿಗಳನ್ನು ಕಂಡ ಮೇಲೆ ಆ ಆಸೆಗೆ ತಲೆಯಾಡಿಸಲು ನನಗೆ ಆಗುವುದಿಲ್ಲ.

ಮನಸ್ಸು ಹಗುರ ಮಾಡಿಕೊಂಡರೆ ತಾನಾಗಿ ಆಗುತ್ತದೆಯಂತೆ, ನಿಜವೇ?

ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. 2011ರಲ್ಲಿ 14 ಅಧ್ಯಯನಗಳನ್ನು, 3583 ಹೆಂಗಸರ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದಾಗ, ಚಿಕಿತ್ಸೆಗೆ ಮೊದಲು ಇದ್ದ ಆತಂಕಕ್ಕೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಅಳು ಬಂದರೆ ಅತ್ತುಬಿಡಿ.

ಗರ್ಭಪಾತವಾಯಿತು. ನಾನು ಏನಾದರೂ ತಪ್ಪು ಮಾಡಿದೆನೇ?

ಇಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧಕ್ಕೂ ಹೆಚ್ಚಿನವು ವರ್ಣತಂತುಗಳ ಲೆಕ್ಕ ತಪ್ಪಿದ್ದರಿಂದ ಆಗುವಂಥವು. ಬಿಂದಿಗೆ ಎತ್ತಿದ್ದು, ಬಸ್ಸಿನಲ್ಲಿ ಹೋದದ್ದು, ಜಗಳವಾಡಿದ್ದು ಅದಕ್ಕೆ ಕಾರಣವಲ್ಲ. ಎರಡು, ಮೂರು ಸಲ ಮರುಕಳಿಸಿದರೆ ಮಾತ್ರ ಕಾರಣ ಹುಡುಕಿಸಿ. ಕೆಲವಕ್ಕೆ ಚಿಕಿತ್ಸೆ ಇದೆ.

ಸಂಶೋಧನೆಯಲ್ಲಿ ಪಾಲ್ಗೊಳ್ಳಿ ಎಂದು ಕೇಳಿದ್ದಾರೆ. ಒಪ್ಪಬಹುದೇ?

ಒಮ್ಮೆ ಒಬ್ಬಾಕೆ ಒಪ್ಪಿಗೆ ಪತ್ರದ ಪುಟಗಳನ್ನೆಲ್ಲ ಓದಿ, ‘ಹೋಲಿಕೆಯ ಗುಂಪು’ ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದರು: “ಮೇಡಂ, ನನ್ನನ್ನು ಇದಕ್ಕೆ ಹಾಕಿದರೆ ನನ್ನ ಒಂದು ವರ್ಷ ಸುಮ್ಮನೆ ಹೋಗುವುದಿಲ್ಲವೇ?” ಎರಡೂ ಗುಂಪಿಗೆ ಈಗಿರುವ ಚಿಕಿತ್ಸೆ ಪೂರ್ತಿ ಸಿಗುತ್ತದೆ, ಒಂದು ಗುಂಪಿಗೆ ಅದರ ಮೇಲೆ ಹೊಸದೊಂದು ಸೇರುತ್ತದೆ, ಆ ಹೊಸದು ಒಳ್ಳೆಯದೋ ಕೆಟ್ಟದ್ದೋ ನನಗೂ ಗೊತ್ತಿಲ್ಲ ಎಂದೆ. ಪತ್ರವನ್ನು ಮಡಿಸಿ ಮನೆಗೆ ಒಯ್ದರು. ಎರಡು ದಿನ ಬಿಟ್ಟು ಬಂದು ಬೇಡ ಎಂದರು. ನಾನು ಧನ್ಯವಾದ ಹೇಳಿದೆ. ಅವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ.

ನೀವೂ ಹಾಗೆಯೇ ಮಾಡಿ: ಮನೆಗೆ ಒಯ್ದು ಓದಿ, ಯಾವಾಗ ಬೇಕಾದರೂ ಹೊರಬರಬಹುದೇ ಎಂದು ಕೇಳಿ, ನೈತಿಕ ಸಮಿತಿ ಒಪ್ಪಿದೆಯೇ ಎಂದು ಕೇಳಿ. ಪಾಲ್ಗೊಳ್ಳಲು ನಿಮ್ಮಿಂದಲೇ ಹಣ ಕೇಳಿದರೆ ಅನುಮಾನಿಸಿ.

ಭ್ರೂಣಗಳ ಮೇಲೆ ಪ್ರಯೋಗ ಮಾಡುವುದು ಸರಿಯೇ?

ಇದಕ್ಕೆ ನನ್ನ ಬಳಿ ಸಲೀಸಾದ ಉತ್ತರವಿಲ್ಲ, ಗಡಿಗಳಿವೆ. 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ ಭ್ರೂಣವನ್ನು 14 ದಿನಕ್ಕಿಂತ ಹೆಚ್ಚು ಪ್ರಯೋಗಾಲಯದಲ್ಲಿ ಬೆಳೆಸಬಾರದೆಂದಿತು; ಹಲವು ದೇಶಗಳು ಅದನ್ನೇ ಅನುಸರಿಸಿದವು. ಆ ಹೊತ್ತಿಗೆ ಬೆನ್ನುಮೂಳೆಯಾಗಲಿ ನರಮಂಡಲವಾಗಲಿ ರೂಪುಗೊಂಡಿರುವುದಿಲ್ಲ. 2018ರಲ್ಲಿ ಚೀನಾದ ವಿಜ್ಞಾನಿಯೊಬ್ಬರು ಭ್ರೂಣಗಳ ವಂಶವಾಹಿಯನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ ಸುದ್ದಿ ಬಂದಾಗ ನಮ್ಮವರೆಲ್ಲ ಬೆಚ್ಚಿದೆವು. ಮರುವರ್ಷ ಅವರಿಗೆ ಮೂರು ವರ್ಷ ಸೆರೆವಾಸವಾಯಿತು. ಆ ಮಕ್ಕಳು ಒಪ್ಪಿಗೆ ಪತ್ರದ ಮೇಲೆ ಬೆರಳಿಟ್ಟು ಕೇಳುವಂತಿರಲಿಲ್ಲ.

ಮುಂದೆ ಏನು ಬರಲಿದೆ?

2014ರಲ್ಲಿ ಸ್ವೀಡನ್ನಿನಲ್ಲಿ, ಕಸಿ ಮಾಡಿದ ಗರ್ಭಕೋಶದಿಂದ ಮೊದಲ ಮಗು ಹುಟ್ಟಿತು. 2016ರಲ್ಲಿ ಜಪಾನಿನ ಸಂಶೋಧಕರು ಇಲಿಯ ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳಿಂದ) ತಟ್ಟೆಯಲ್ಲೇ ಅಂಡಾಣು ಬೆಳೆಸಿ ಮರಿಗಳನ್ನು ಪಡೆದರು. ಮನುಷ್ಯರಲ್ಲಿ ಅದು ಇನ್ನೂ ಆಗಿಲ್ಲ.

ನನ್ನ ಮನಸ್ಸು ಮಾತ್ರ ಇವುಗಳಿಗಿಂತ ಎಂಡೊಮೆಟ್ರಿಯೋಸಿಸ್ ಕಡೆಗೇ ಹೋಗುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ, ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ ಬೆಳೆದು ನೋವು ಕೊಡುವ ಈ ಕಾಯಿಲೆಯನ್ನು ಪತ್ತೆ ಹಚ್ಚಲು ಇಂದಿಗೂ ವರ್ಷಗಟ್ಟಲೆ ಹಿಡಿಯುತ್ತದೆ, ಏಕೆಂದರೆ ‘ಮುಟ್ಟಿನ ನೋವು ಎಲ್ಲರಿಗೂ ಇರುವುದೇ’ ಎಂದು ಮನೆಯವರೂ ಹೇಳುತ್ತಾರೆ, ವೈದ್ಯರೂ ಹೇಳುತ್ತಾರೆ. ತಿಂಗಳು ತಿಂಗಳೂ ಶಾಲೆ, ಕೆಲಸ ಬಿಟ್ಟು ಮುದುರಿ ಮಲಗುವಷ್ಟು ನೋವಿದ್ದರೆ ಅದು ಸಹಜವಲ್ಲ. ಯಾವ ದಿನ ನೋವು ಶುರುವಾಯಿತು, ಎಲ್ಲಿ, ಮಲವಿಸರ್ಜನೆಯಲ್ಲೋ ಸಂಭೋಗದಲ್ಲೋ ಹೆಚ್ಚಾಗುತ್ತದೆಯೇ, ಯಾವ ಮಾತ್ರೆಗೆ ತಗ್ಗಿತು ಎಂದು ಮೂರು ತಿಂಗಳು ಬರೆದಿಡಿ. ಆ ಹಾಳೆಯನ್ನು ವೈದ್ಯರ ಮೇಜಿನ ಮೇಲೆ ಇಡಿ. ಓದದೆ ಬದಿಗೆ ಸರಿಸಿದರೆ ಇನ್ನೊಬ್ಬ ವೈದ್ಯರ ಬಳಿ ಹೋಗಿ.